ಇಸಿಜಿ ನಾರ್ಮಲ್ ಬಂದರೂ ದಮ್ಮು ಕಟ್ಟುತ್ತದೆ, ಇನ್ನೇನು ಪರೀಕ್ಷೆ ಮಾಡಿಸಬೇಕು?

ನಿಮಗೆ 23 ವರ್ಷ, ಮಲ್ಪೆಯಲ್ಲಿ ವಾಲಿಬಾಲ್ ಆಡುವಾಗ ದಮ್ಮು ಕಟ್ಟುತ್ತದೆ, ಇಸಿಜಿ ನಾರ್ಮಲ್, ಮನೆಯಲ್ಲಿ ಗ್ಯಾಸ್ಟ್ರಿಕ್ ಅನ್ನುತ್ತಾರೆ ಅಂತ ಬರೆದಿದ್ದೀರಿ. ಇಷ್ಟಕ್ಕೇ ಬಿಡಬೇಡಿ ಮಾರಾಯ್ರೆ. ನಾನು ಡಾಕ್ಟರ್ ಅಲ್ಲ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ತೆಗೆಯುವವಳು. ಸಣ್ಣ ಪ್ರಾಯ, ಏನೂ ಇರಲಿಕ್ಕಿಲ್ಲ ಅಂತ ಸುಮ್ಮನಿದ್ದು ತಡವಾಗಿ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ.

ಇಸಿಜಿಯಲ್ಲಿ ಗೊತ್ತಾಗುವುದು ಮುಖ್ಯವಾಗಿ ಹೃದಯದ ಬಡಿತ, ಅದರ ವಿದ್ಯುತ್ತಿನ ಹಾದಿ. ವಾಲ್ವ್ ಸರಿಯಾಗಿ ತೆರೆಯುತ್ತದಾ, ಗೋಡೆ ದಪ್ಪ ಆಗಿದೆಯಾ ಅಂತ ನೋಡಲು ಎಕೋ ಬೇಕು. ನೋವಿಲ್ಲ, ಸೂಜಿಯೂ ಇಲ್ಲ.

ಒಂದು ವಿಷಯ ಅಮ್ಮನ ಹತ್ತಿರ ಕೇಳಿ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಎರಡು ಮೂರು ವಾರ ಬಿಟ್ಟು ಜ್ವರ, ಮೊಣಕಾಲು ಮೊಣಕೈ ಊದಿದ್ದು ಇತ್ತಾ? ಅದು ರುಮ್ಯಾಟಿಕ್ ಜ್ವರ ಆಗಿರಬಹುದು. ನಮ್ಮ ದೇಶದಲ್ಲಿ ಎಳೆಯರ ವಾಲ್ವ್ ಹಾಳಾಗಲು ದೊಡ್ಡ ಕಾರಣ ಅದೇ. ಗಂಟು ನೋವು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ವಾಲ್ವ್ ಮಾತ್ರ ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುತ್ತದೆ. ಆಗ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಕೆಮ್ಮು, ಉಸಿರುಗಟ್ಟುವುದು ಶುರುವಾಗುತ್ತದೆ. ನೋಡಿದವರು ಉಬ್ಬಸ ಅಂದುಕೊಳ್ಳುತ್ತಾರೆ. ಬೇಗ ಗೊತ್ತಾದರೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು, ಜ್ವರ ಮತ್ತೆ ಬಂದು ವಾಲ್ವ್ ಇನ್ನೂ ಕೆಡದಂತೆ ತಡೆಯುತ್ತಾರೆ.

ಡಾಕ್ಟರ ಹತ್ತಿರ "ದಮ್ಮು" ಅಂತಷ್ಟೇ ಹೇಳಬೇಡಿ, ಯಾವಾಗ ಬರುತ್ತದೆ ಅಂತ ಹೇಳಿ. ಮಲಗಿದಾಗ ಜಾಸ್ತಿಯಾಗಿ ಎದ್ದು ಕೂತರೆ ಕಡಿಮೆಯಾಗುತ್ತದಾ? ಆಡುತ್ತಿರುವಾಗಲೇ ತಲೆಸುತ್ತಿ ಬಿದ್ದದ್ದು ಇದೆಯಾ? ಮನೆಯಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಇವು ಹೃದಯದ ಕಡೆಗೆ ಬೆರಳು ತೋರಿಸುತ್ತವೆ. ಆಟ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಎದೆ ಬಿಗಿದು ಸುಯ್ಯ್ ಅನ್ನುವುದು, ಮಳೆಗಾಲದಲ್ಲಿ ಗೋಡೆಗೆ ಬೂಸು ಹಿಡಿದಾಗ ಹೆಚ್ಚಾಗುವುದು ಆದರೆ ಆಸ್ತಮಾ ಇರಬಹುದು.

ಅದಕ್ಕೆ ಸ್ಪೈರೋಮೆಟ್ರಿ ಮಾಡಿಸಿ. ಜೋರಾಗಿ ಊದಿಸಿ, ಔಷಧಿ ಎಳೆಸಿ, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 12 ಶೇಕಡಾ ಮತ್ತು 200 ಮಿಲಿ ಲೀಟರ್‌ಗಿಂತ ಜಾಸ್ತಿ ಏರಿದರೆ ಆಸ್ತಮಾದ ಸಾಧ್ಯತೆ ಹೆಚ್ಚು. ಆರಾಮ ಇದ್ದ ದಿನ ಊದಿದರೆ ನಾರ್ಮಲ್ ಬರಲೂಬಹುದು, ಆಗ ತೊಂದರೆ ಇರುವ ದಿನ ಮತ್ತೆ ಮಾಡಿಸಬೇಕು. ಇನ್ಹೇಲರ್ ಬಳಸುತ್ತಿದ್ದರೆ ಎಷ್ಟು ಹೊತ್ತು ಮೊದಲು ನಿಲ್ಲಿಸಬೇಕು ಅಂತ ಮುಂಚೆಯೇ ಕೇಳಿಕೊಳ್ಳಿ.

ಹಿಮೋಗ್ಲೋಬಿನ್ ಕೂಡ ನೋಡಿಸಿ, ರಕ್ತ ಕಡಿಮೆ ಇದ್ದರೂ ಏದುಸಿರು ಬರುತ್ತದೆ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಬೇಕೇ ಬೇಕು. ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನ ವೆನ್ಲಾಕ್‌ನಲ್ಲಿ ಟಿಬಿ ಪರೀಕ್ಷೆ ಉಚಿತ.

ಎಕೋ ಆಗುವ ತನಕ ಆಟ ಬೇಡ. ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಕೆಮ್ಮಿದಾಗ ರಕ್ತ ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, 108ಕ್ಕೆ ಫೋನ್ ಮಾಡಿ.