ಓದುಗರ ಪ್ರಶ್ನೆ: ಸ್ಟೀಲ್ ಸೈಕಲ್ ಫ್ರೇಮ್ ಮಾಡಿ ಬದುಕಬಹುದಾ?

ಪ್ರಶ್ನೆ: ಸರ್, ನಂಗೆ ಬ್ರೇಜಿಂಗ್ (ಟ್ಯೂಬನ್ನ ಕರಗಿಸದೆ, ಬೇರೆ ಲೋಹ ಕರಗಿಸಿ ಬೆಸೆಯೋದು) ಚೆನ್ನಾಗಿ ಬರತ್ತೆ, ಸ್ನೇಹಿತರಿಗೆ ಒಂದೆರಡು ಸ್ಟೀಲ್ ಫ್ರೇಮ್ ಮಾಡಿಕೊಟ್ಟಿದೀನಿ, ಎಲ್ಲರೂ ಹೊಗಳ್ತಾರೆ. ಈಗ ಕೆಲಸ ಬಿಟ್ಟು ಕಸ್ಟಮ್ ಫ್ರೇಮ್ ಮಾಡೋದನ್ನೇ ಬಿಸಿನೆಸ್ ಮಾಡ್ಕೊಳ್ಳೋಣ ಅಂತಿದೀನಿ. ಗಿರಾಕಿಗಳು ಸಿಗ್ತಾರಾ?

ಉತ್ತರ: ಸಿಗ್ತಾರೆ, ಆದ್ರೆ ನಿಮ್ಮ ಮೊದಲನೇ ಚಿಂತೆ ಅದಲ್ಲ. ಒಂದು ಫ್ರೇಮಿಗೆ ನಿಮ್ಮ ಎಷ್ಟು ಗಂಟೆ ಹೋಗತ್ತೆ ಅನ್ನೋದು ಮೊದಲು ಗೊತ್ತಾಗಬೇಕು. ಲೆಕ್ಕ ಹಾಕೋವಾಗ ಎಲ್ಲರೂ ಟ್ಯೂಬು, ಲಗ್ಗು (ಟ್ಯೂಬುಗಳ ತುದಿ ಕೂರಿಸಿ ಜೋಡಿಸೋ ಲೋಹದ ತೋಳು), ಫಿಲ್ಲರ್ (ಕರಗಿ ಸಂದು ತುಂಬೋ ಲೋಹದ ಕಡ್ಡಿ), ಗ್ಯಾಸು, ಪೇಂಟು ಅಂತ ಬರ್ಕೊಳ್ತಾರೆ, ಆದ್ರೆ ಗಿರಾಕಿಯ ಮೈ ಅಳತೆ ತಗೊಂಡಿದ್ದು, ಡ್ರಾಯಿಂಗ್ ಮಾಡಿದ್ದು, ಹ್ಯಾಂಡಲ್ ಎತ್ತರದ ಬಗ್ಗೆ ಮತ್ತೆ ಮತ್ತೆ ಫೋನಲ್ಲಿ ಮಾತಾಡಿದ್ದು, ಗಾಜಿನ ಥರ ಗಟ್ಟಿಯಾಗಿರೋ ಫ್ಲಕ್ಸನ್ನ (ಬಿಸಿಯಲ್ಲಿ ಲೋಹಕ್ಕೆ ಆಕ್ಸೈಡ್ ಹಿಡಿಯದಂತೆ ಹಚ್ಚೋ ಪೇಸ್ಟು) ಬಿಸಿನೀರಲ್ಲಿ ನೆನೆಸಿ ತೆಗೆದಿದ್ದು, ಇದ್ಯಾವುದೂ ಆ ಪಟ್ಟೀಲಿ ಇರಲ್ಲ. ಫಿಲೆಟ್ ಬ್ರೇಜಿಂಗ್ (ಲಗ್ ಇಲ್ಲದೆ, ಜಾಯಿಂಟ್ ಸುತ್ತ ಫಿಲ್ಲರ್ ತುಂಬಿ ಬೆಸೆಯೋದು) ಫ್ರೇಮನ್ನ ನುಣ್ಣಗೆ ಮಾಡಿ ಕೊಡಬೇಕು ಅಂದ್ರೆ ಗ್ಯಾಸ್ ಟಾರ್ಚ್ ಹಿಡಿದಿದ್ದಕ್ಕಿಂತ ಅರ, ಎಮರಿ ಪಟ್ಟಿ ಹಿಡಿದ ಹೊತ್ತೇ ಜಾಸ್ತಿ. ಹಾಗಾಗಿ ಮುಂದಿನ ಫ್ರೇಮ್ ಶುರು ಮಾಡೋ ದಿನ ಗೋಡೆ ಮೇಲೆ ಒಂದು ಹಾಳೆ ಅಂಟಿಸಿ, ಕೂತಾಗ ಎದ್ದಾಗ ಟೈಮ್ ಬರೀರಿ. ಫ್ರೇಮಿನ ಬೆಲೆಯಲ್ಲಿ ಸಾಮಾನಿನ ಖರ್ಚು, ಬಾಡಿಗೆ, ಕರೆಂಟು ಎಲ್ಲ ಕಳೆದು ಉಳಿದಿದ್ದನ್ನ ಆ ಗಂಟೆಗಳಿಂದ ಭಾಗಿಸಿ. ಬಂದ ಸಂಖ್ಯೆ ಈಗಿನ ಸಂಬಳಕ್ಕೆ ಹತ್ತಿರಾನೂ ಇಲ್ಲ ಅಂದ್ರೆ ಕೆಲಸ ಬಿಡಬೇಡಿ, ದಯವಿಟ್ಟು.

ಇನ್ನೊಂದು, ಬಂದ ಆರ್ಡರ್ ಎಲ್ಲ ಒಪ್ಕೋಬೇಡಿ. ಇವತ್ತು ರೋಡ್ ಬೈಕು, ನಾಳೆ ಮೌಂಟನ್ ಬೈಕು, ಆಮೇಲೆ ಇಬ್ರು ತುಳಿಯೋ ಟ್ಯಾಂಡೆಮ್ ಅಂತ ಹೋದ್ರೆ ಪ್ರತಿ ಸಲ ಜಿಗ್ (ಟ್ಯೂಬುಗಳನ್ನ ಸರಿ ಕೋನದಲ್ಲಿ ಹಿಡಿಯೋ ಚೌಕಟ್ಟು) ಸೆಟ್ಟಿಂಗ್ ಹೊಸದು, ಚಕ್ರದ ಜಾಗದಲ್ಲಿ ಇಡೋ ಡಮ್ಮಿ ಆಕ್ಸಲ್ ಹೊಸದು, ಟ್ಯೂಬ್ ಸ್ಟಾಕ್ ಹೊಸದು, ಕೈಗೆ ವೇಗ ಬರೋದೇ ಇಲ್ಲ. ಒಂದೇ ಜಾತಿ ಸೈಕಲ್ ಹಿಡ್ಕೊಳ್ಳಿ, ಅಳತೆ ಮಾತ್ರ ಗಿರಾಕಿಗೆ ತಕ್ಕಂತೆ ಬದಲಾಗ್ಲಿ. ಉದಾಹರಣೆಗೆ ಕುಳ್ಳಗಿರೋರಿಗೆ ರೆಡಿಮೇಡ್ ಸೈಕಲ್ ಎಷ್ಟು ಕಷ್ಟ ಕೊಡತ್ತೆ ನೋಡಿ, ಚಿಕ್ಕ ಫ್ರೇಮಿಗೂ ಎಷ್ಟೋ ಸಲ 622 ಮಿಮೀ ರಿಮ್ಮಿನ 700ಸಿ ಚಕ್ರಾನೇ ತುರುಕಿರ್ತಾರೆ, ನಿಧಾನಕ್ಕೆ ತಿರುಗಿಸೋವಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗತ್ತೆ. ನೀವು 584 ಮಿಮೀ ರಿಮ್ಮಿನ 650ಬಿ ಚಕ್ರ ಇಟ್ಟು, ಹೆಡ್ ಆಂಗಲ್ (ಹ್ಯಾಂಡಲ್ ಕೆಳಗಿನ ಟ್ಯೂಬಿನ ಓರೆ) ಮತ್ತೆ ಫೋರ್ಕ್ ರೇಕ್ (ಮುಂದಿನ ಚಕ್ರ ಹಿಡಿಯೋ ಕವಲು ಎಷ್ಟು ಮುಂದಕ್ಕೆ ಚಾಚಿದೆ ಅನ್ನೋದು) ಹೊಂದಿಸಿ ಆ ತೊಂದರೆ ತೆಗೆದುಬಿಟ್ರೆ ಅವರು ಬಣ್ಣಕ್ಕಲ್ಲ, ಇದಕ್ಕೆ ದುಡ್ಡು ಕೊಡ್ತಾರೆ, ಇನ್ನೊಬ್ರಿಗೂ ಹೇಳ್ತಾರೆ.

ಪ್ರಶ್ನೆ: ಲಗ್ ಒಳಗೆ ಸಿಲ್ವರ್ ಫಿಲ್ಲರ್ ಇಳೀತಾ ಇಲ್ಲ, ಅಂಚಲ್ಲೇ ಗುಡ್ಡೆ ಆಗತ್ತೆ. ಇನ್ನೂ ಜಾಸ್ತಿ ಬಿಸಿ ಮಾಡ್ಲಾ?

ಉತ್ತರ: ಬೇಡ. 56 ಪರ್ಸೆಂಟ್ ಸಿಲ್ವರ್ ಇರೋ ಫಿಲ್ಲರ್ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೇ ಹರಿಯತ್ತೆ, ಲೋಹ ಕಿತ್ತಳೆ ಬಣ್ಣಕ್ಕೆ ಬಂದಿದೆ ಅಂದ್ರೆ ಆಗಲೇ ಮಿತಿ ದಾಟಿದೀರ, ಫ್ಲಕ್ಸ್ ಸುಟ್ಟು ಕಪ್ಪಾದ ಮೇಲೆ ಸಿಲ್ವರ್ ಅಲ್ಲಿಗೆ ಹೋಗಲ್ಲ. ಉರಿಯನ್ನ ಕಡ್ಡಿಗೆ ಕೊಡ್ತಿದೀರ ಅನ್ಸತ್ತೆ. ಲಗ್ಗು ಮತ್ತೆ ಟ್ಯೂಬು ಎರಡನ್ನೂ ಸುತ್ತ ಸಮವಾಗಿ ಕಾಯಿಸಿ, ಫ್ಲಕ್ಸ್ ನೀರಿನ ಥರ ತಿಳಿಯಾಗೋದನ್ನ ಕಾಯಿರಿ, ಆಮೇಲೆ ಕಡ್ಡಿ ಒಂದು ಕಡೆ ಮುಟ್ಟಿಸಿ, ಉರಿಯನ್ನ ಇನ್ನೊಂದು ಕಡೆಗೆ ನಿಧಾನಕ್ಕೆ ಸರಿಸಿ. ಸಿಲ್ವರ್ ಯಾವಾಗ್ಲೂ ಬಿಸಿ ಇರೋ ಕಡೆಗೇ ಓಡತ್ತೆ. ಆಚೆ ಅಂಚಲ್ಲಿ ಸಣ್ಣ ಹೊಳೆಯೋ ಗೆರೆ ಕಂಡ್ರೆ ಒಳಗೆಲ್ಲ ತುಂಬಿದೆ ಅಂತ ನಂಬಬಹುದು. ಇಷ್ಟು ಮಾಡಿದ್ರೂ ಇಳೀಲಿಲ್ಲ ಅಂದ್ರೆ ಸಂದು ನೋಡಿ. ಸುಮಾರು 0.1 ಮಿಮೀ ಅಥವಾ ಅದಕ್ಕಿಂತ ಕಮ್ಮಿ ಇರಬೇಕು, ಅಗಲ ಆದ್ರೆ ಎಳ್ಕೊಳ್ಳೋ ಶಕ್ತಿನೇ ಇರಲ್ಲ. ಎಣ್ಣೆ, ತುಕ್ಕು ಎಲ್ಲ ಉಜ್ಜಿ ತೆಗೆದಿರಬೇಕು. ಮತ್ತೆ ಫಿಲ್ಲರ್ ಕ್ಯಾಡ್ಮಿಯಮ್ ಇಲ್ಲದ್ದೇ ತಗೊಳ್ಳಿ, ಕ್ಯಾಡ್ಮಿಯಮ್ ಹೊಗೆ ಜೀವ ತೆಗೆಯತ್ತೆ. ಫ್ಲಕ್ಸ್ ಹೊಗೇನೂ ಒಳ್ಳೇದಲ್ಲ, ಎಕ್ಸಾಸ್ಟ್ ಇಲ್ಲದ ರೂಮಲ್ಲಿ ಕೆಲಸ ಮಾಡಲೇಬೇಡಿ.

ಪ್ರಶ್ನೆ: ಗಿರಾಕಿ ರೆನಾಲ್ಡ್ಸ್ ಕಂಪನಿಯ 853 ಸ್ಟೀಲ್ ಟ್ಯೂಬೇ ಬೇಕು, ಆಗಲೇ ಫ್ರೇಮ್ ಗಟ್ಟಿ ಕೂರತ್ತೆ, ತುಳಿದಾಗ ಬಾಗಲ್ಲ ಅಂತಾರೆ. ನಿಜಾನಾ?

ಉತ್ತರ: ಬಾಗೋ ವಿಷಯಕ್ಕೆ ನಿಜ ಅಲ್ಲ. ಒಂದೇ ವ್ಯಾಸ, ಒಂದೇ ದಪ್ಪ ಇದ್ರೆ ಮಾಮೂಲಿ ಕ್ರೋಮೋಲಿ ಸ್ಟೀಲ್ 4130 ಆಗಲಿ 853 ಆಗಲಿ ಹೆಚ್ಚುಕಮ್ಮಿ ಅಷ್ಟೇ ಬಾಗತ್ತೆ. 853ರ ಬಲ ಜಾಸ್ತಿ, ಹಾಗಾಗಿ ಇನ್ನೂ ತೆಳ್ಳಗೆ ಎಳೀಬಹುದು, ತೂಕ ಇಳಿಯತ್ತೆ, ಲಾಭ ಇರೋದು ಅಲ್ಲಿ. ಗಟ್ಟಿ ಬೇಕು ಅಂದ್ರೆ ಡೌನ್ ಟ್ಯೂಬನ್ನ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯೋ ಟ್ಯೂಬು) 28.6 ಬದಲು 31.8 ಮಿಮೀ ವ್ಯಾಸದ್ದು ಹಾಕಿ, ತುಳಿದ ತಕ್ಷಣ ಗೊತ್ತಾಗತ್ತೆ. ಬಟೆಡ್ ಟ್ಯೂಬ್ ಕತ್ತರಿಸೋವಾಗ ಮಾತ್ರ ಹುಷಾರು, ಅದರ ಗೋಡೆಯ ದಪ್ಪ ಉದಾಹರಣೆಗೆ ತುದೀಲಿ 0.8, ಮಧ್ಯದಲ್ಲಿ 0.5 ಮಿಮೀ ಇರತ್ತೆ, ಒಂದೇ ಕಡೆಯಿಂದ ಕತ್ತರಿಸಿಬಿಟ್ರೆ ಜಾಯಿಂಟ್ ತೆಳ್ಳಗಿನ ಜಾಗಕ್ಕೇ ಬಂದು ಕೂರತ್ತೆ.

ಪ್ರಶ್ನೆ: ಫೋರ್ಕ್ ಕೂಡ ನಾನೇ ಮಾಡ್ಲಾ, ಇಲ್ಲಾ ಕೊಂಡು ಹಾಕ್ಲಾ?

ಉತ್ತರ: ಶುರುವಲ್ಲಿ ಕೊಂಡೇ ಹಾಕಿ. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 4210 ಪ್ರಕಾರ ಟೆಸ್ಟ್ ಆಗಿರೋದು ಸಿಗತ್ತೆ. ಫ್ರೇಮ್ ಟ್ಯೂಬ್ ಬಿರುಕು ಬಿಟ್ರೆ ಎಷ್ಟೋ ಸಲ ಮೊದಲು ಕಿರ್ ಅನ್ನತ್ತೆ, ಪೇಂಟಲ್ಲಿ ಗೆರೆ ಮೂಡತ್ತೆ, ಸವಾರನಿಗೆ ಇಳಿಯೋಕೆ ಟೈಮ್ ಸಿಗತ್ತೆ, ಫೋರ್ಕಿನ ಸ್ಟೀರರ್ ಟ್ಯೂಬ್ (ಹ್ಯಾಂಡಲಿಗೆ ಸೇರೋ ಮೇಲಿನ ಟ್ಯೂಬು) ಮುರಿದ್ರೆ ನೇರ ಮುಖ ಕೆಳಗಾಗಿ ಬೀಳ್ತಾರೆ. ನಿಮ್ಮದೇ ಫೋರ್ಕ್ ಮಾರೋ ಆಸೆ ಇದ್ರೆ ಮೊದಲು ಒಂದಷ್ಟನ್ನ ಮಾಡಿ, ಕ್ರೌನ್ (ಫೋರ್ಕಿನ ಕಾಲುಗಳು ಸ್ಟೀರರ್ ಟ್ಯೂಬಿಗೆ ಸೇರೋ ಜಾಗ) ಹತ್ರ ಉದ್ದಕ್ಕೆ ಸೀಳಿ, ಫಿಲ್ಲರ್ ಒಳಗಿನವರೆಗೂ ಹೋಗಿದೆಯಾ ಅಂತ ಕಣ್ಣಾರೆ ನೋಡಿ. ಒಂದ್ರಲ್ಲೂ ಖಾಲಿ ಜಾಗ ಇಲ್ಲ ಅಂತಾದ ಮೇಲೆ, ಪ್ರಾಡಕ್ಟ್ ಲಯಬಿಲಿಟಿ ಇನ್ಶೂರೆನ್ಸ್ (ನಿಮ್ಮ ಸಾಮಾನಿಂದ ಯಾರಿಗಾದ್ರೂ ಹಾನಿಯಾದ್ರೆ ಅನ್ನೋದಕ್ಕೆ ವಿಮೆ) ಮಾಡಿಸಿ, ಪ್ರತಿಯೊಂದಕ್ಕೂ ನಂಬರ್ ಕೆತ್ತಿ, ಯಾವ ಟ್ಯೂಬು ಯಾವ ಫಿಲ್ಲರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಮಾರಿ.