ನೀವು ಕಲಿಸಿದ ಹುಡುಗ ಈಗ ನಿಮ್ಮ ಆಫೀಸರ್ರು

ಈ ಸಲ ಹಾಸನ ಜಿಲ್ಲೆಯ ಓದುಗರೊಬ್ರು ನಾಲ್ಕು ಪುಟದ ಕಾಗದ ಬರೆದಿದಾರೆ. ಹೆಸರು ಬೇಡ, ಬ್ಯಾಂಕಿನ ಹೆಸರಂತೂ ಬೇಡ್ವೇ ಬೇಡ ಅಂದಿದಾರೆ, ಹಾಗೇ ಆಗ್ಲಿ. ವಿಷಯ ಇಷ್ಟು. ಸರ್ಕಾರಿ ಬ್ಯಾಂಕಲ್ಲಿ 11 ವರ್ಷದಿಂದ ಕ್ಲರ್ಕು. ಒಂದ್ಸಲ ಮಗು ಚಿಕ್ಕದು ಅಂತ ಪ್ರಮೋಷನ್‌ಗೆ ಅರ್ಜಿನೇ ಹಾಕ್ಲಿಲ್ಲ, ಇನ್ನೊಂದ್ಸಲ ಸೆಲೆಕ್ಟ್ ಆದ್ರೂ ಅತ್ತೆಯ ಮಂಡಿ ಆಪರೇಷನ್ ಇದ್ದಿದ್ರಿಂದ ಬೇಡ ಅಂತ ಬರೆದುಕೊಟ್ರು. "ನಾನು ನೋಟು ಎಣಿಸೋದು ಕಲಿಸಿದ ಹುಡುಗ ಮೂರು ವರ್ಷ ಗುಜರಾತಲ್ಲಿದ್ದು ಈಗ ಆಫೀಸರ್ ಆಗಿ ನಮ್ಮ ಬ್ರಾಂಚಿಗೇ ಬಂದಿದಾನೆ, ನಾನು ಹಾಕಿದ ಎಂಟ್ರಿ ಅವನು ಪಾಸ್ ಮಾಡ್ಬೇಕು, ಈಗ್ಲೂ ಅಕ್ಕಾ ಅಂತ್ಲೇ ಕರೀತಾನೆ, ಅದೇ ಇನ್ನೂ ಚುಚ್ಚತ್ತೆ." ಹೆಡ್ ಆಫೀಸಿಗೆ ದೂರು ಕೊಡ್ಲಾ, ರಾಜೀನಾಮೆ ಬಿಸಾಕಿ ಪ್ರೈವೇಟ್ ಬ್ಯಾಂಕಿಗೆ ಹೋಗ್ಲಾ, ಇಲ್ಲಾ ಈ ವರ್ಷದ ಪ್ರಮೋಷನ್ ಸರ್ಕ್ಯುಲರ್ ಬಂದಿದೆಯಲ್ಲ ಅದಕ್ಕೆ ಹಾಕ್ಲಾ ಅಂತ ಪ್ರಶ್ನೆ.

ಮೇಡಂ, ಮೊದಲು ದೂರಿನ ಮಾತು ಮುಗಿಸಿಬಿಡೋಣ. ಯಾರ ಮೇಲೆ ದೂರು? ನಿಮ್ಮ ಕೈಲೇ ಬರೆದ ಕಾಗದ ಪರ್ಸನಲ್ ಫೈಲಲ್ಲಿ ಕೂತಿದೆ. ಪ್ರಮೋಷನ್ ಕೊಟ್ಟೇ ಕೊಡಿ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ, ಅರ್ಹತೆ ಇದ್ರೆ ನನ್ನನ್ನೂ ಪರಿಗಣಿಸಿ ಅನ್ನೋ ಹಕ್ಕು ಮಾತ್ರ ಇರೋದು, ಕೋರ್ಟುಗಳು ಎಷ್ಟೋ ಸಲ ಇದನ್ನೇ ಹೇಳಿವೆ. ನಿಮ್ಮನ್ನ ಪರಿಗಣಿಸಿದ್ರು, ನೀವೇ ಬೇಡ ಅಂದ್ರಿ. ಅದು ತಪ್ಪು ಅಂತ ನಾನಂತೂ ಹೇಳಲ್ಲ. ಅತ್ತೆ ಮಂಡಿ ಆಪರೇಷನ್ ಆಗಿ ಮಲಗಿರೋವಾಗ ಗಂಟುಮೂಟೆ ಕಟ್ಕೊಂಡು ಸೂರತ್ತಿಗೆ ಹೋಗಿ ಅನ್ನೋಕೆ ನಾನ್ಯಾರು. ನನಗೆ ಬೇಜಾರಾಗಿದ್ದು ಅದರ ಮುಂದಿನ ಪುಟ. ಆಮೇಲಿನ ಐದು ವರ್ಷದ ಬಗ್ಗೆ ಒಂದೇ ಒಂದು ಸಾಲು ಇದೆ, "ಕೌಂಟರಲ್ಲೇ ಇದ್ದೆ" ಅಂತ. ಜೈಬ್ ಅನ್ನೋ ಬ್ಯಾಂಕ್ ನೌಕರರ ಪರೀಕ್ಷೆ ಮಾಡಿಲ್ಲ, ಲೋನ್ ಸೀಟಲ್ಲಿ ಒಂದು ದಿನ ಕೂತಿಲ್ಲ, ಕೇಳಿಯೂ ಇಲ್ಲ. ಎಡವಿದ್ದು ಅಲ್ಲಿ.

ಇದನ್ನ ಹೇಳೋಕೆ ನನಗೆ ನಾಲಿಗೆ ಇರೋದು ಯಾಕಂದ್ರೆ ಪತ್ರಿಕೆಗೆ ಬರೋಕೆ ಮುಂಚೆ ನಾನೂ ಒಂದು ಬ್ಯಾಂಕಲ್ಲಿ ಕ್ಲರ್ಕ್ ಆಗಿದ್ದವನು. ಕೊಬ್ಬರಿ ಮಂಡಿ ಇರೋ ಊರು, ಸಂತೆ ದಿನ ಕ್ಯಾಶ್ ಕೌಂಟರ್ ಮುಂದೆ ಬೀದಿ ತನಕ ಕ್ಯೂ. ಸಂಜೆ ಒಂದು ರೂಪಾಯಿ ವ್ಯತ್ಯಾಸ ಇಲ್ಲದೆ ಟ್ಯಾಲಿ ಮಾಡ್ತಿದ್ದೆ, ಅದೇ ಜಂಬ. ಆಫೀಸರ್ ಪ್ರಮೋಷನ್ ಇಂಟರ್‌ವ್ಯೂಗೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋದೆ, ಟೇಬಲ್ ಆಚೆ ಮೂರು ಜನ, ನಡುವಿನವರು ಕನ್ನಡಕ ತೆಗೆದು ಒರೆಸ್ತಾ ತುಂಬಾ ಸಮಾಧಾನವಾಗಿ ಕೇಳಿದ್ರು, ನಿಮ್ಮ ಬ್ರಾಂಚಿನ ಡೆಪಾಸಿಟ್ ಎಷ್ಟು, ಸಾಲ ಎಷ್ಟು, ಅದರಲ್ಲಿ ಕಟ್ಟದೇ ನಿಂತಿರೋದು ಎಷ್ಟು? ನಾನು ದಿನಕ್ಕೆ ಎಷ್ಟು ಬಂಡಲ್ ಎಣಿಸ್ತೀನಿ ಅಂತ ಹೇಳಿದೆ. ಅವರು ನಕ್ಕೂ ಇಲ್ಲ, ಬೈದೂ ಇಲ್ಲ, ಕನ್ನಡಕ ಹಾಕ್ಕೊಂಡ್ರು ಅಷ್ಟೇ. ವಾಪಸ್ ಬರೋ ಬಸ್ಸಲ್ಲಿ ಎಲ್ಲರನ್ನೂ ಬೈಕೊಂಡೆ, ನಿಯತ್ತಿಗೆ ಬೆಲೆ ಇಲ್ಲ, ವಶೀಲಿ ಇರ್ಬೇಕು ಅಂತ. ಅವರಿಗೆ ಬೇಕಾಗಿದ್ದು ನಾಳೆ ಆ ಕುರ್ಚಿಲಿ ಕೂತು ಸಾಲ ಕೊಡೋನು, ಇವತ್ತು ನೋಟು ಎಣಿಸೋದ್ರಲ್ಲಿ ಎತ್ತಿದ ಕೈ ಯಾರು ಅಂತ ಹುಡುಕೋಕೆ ಅಲ್ಲಿ ಕೂತಿರಲಿಲ್ಲ. ಇದು ತಲೆಗೆ ಹೋಗೋಕೆ ಒಂದು ವರ್ಷ ಬೇಕಾಯ್ತು ನೋಡಿ. ಆಮೇಲೆ ಶುಕ್ರವಾರ ಮೇಲಿನ ಆಫೀಸಿಗೆ ಹೋಗೋ ಸ್ಟೇಟ್‌ಮೆಂಟಿನ ಕಾಪಿ ನೋಡಿ ಒಂದು ಸಣ್ಣ ಡೈರಿಲಿ ಬರ್ಕೊಳ್ಳೋಕೆ ಶುರು ಮಾಡಿದೆ.

ನೀವೂ ಅದನ್ನೇ ಮಾಡಿ, ಇವತ್ತಿಂದ. ನಿಮ್ಮ ಬ್ರಾಂಚಿನ ಕಾಸಾ ಎಷ್ಟು, ಅಂದ್ರೆ ಒಟ್ಟು ಡೆಪಾಸಿಟ್‌ನಲ್ಲಿ ಕರೆಂಟ್ ಮತ್ತು ಸೇವಿಂಗ್ಸ್ ಅಕೌಂಟಿನ ಪಾಲು. ಕಂತು ಬಾಕಿ 90 ದಿನ ದಾಟಿದ್ರೆ ಸಾಲ ಎನ್‌ಪಿಎ, ಅಂದ್ರೆ ವಸೂಲಾಗದೆ ನಿಂತ ಸಾಲ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಬೆಳೆ ಸಾಲಕ್ಕೆ ಆ ಲೆಕ್ಕ ಇಲ್ಲ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದ್ರೆ ಆಗ ಎನ್‌ಪಿಎ. ರೈತರೇ ತುಂಬಿರೋ ಬ್ರಾಂಚ್ ನಿಮ್ಮದು, ಇದನ್ನ ಪುಸ್ತಕದಿಂದ ಬಾಯಿಪಾಠ ಮಾಡೋ ಬದಲು ಸಾಲದ ಫೈಲ್ ಮುಂದೆ ಇಟ್ಕೊಂಡು ಕಲೀಬಹುದು. ಮ್ಯಾನೇಜರ್ ಹತ್ರ ಹೋಗಿ ವಾರಕ್ಕೆ ಎರಡು ದಿನ ಮಧ್ಯಾಹ್ನದ ಮೇಲೆ ಲೋನ್ ಸೀಟಲ್ಲಿ ಕೂರ್ತೀನಿ ಸಾರ್ ಅನ್ನಿ. ಯಾವ ಮ್ಯಾನೇಜರೂ ಬೇಡ ಅನ್ನಲ್ಲ, ಅವರಿಗೆ ಯಾವತ್ತೂ ಜನ ಸಾಲಲ್ಲ.

ಜೈಬ್ ಕಷ್ಟ ಅಂತ ಬರೆದಿದೀರ. ನಾಲ್ಕು ಪೇಪರ್, ಪಾಸಾಗೋಕೆ 100ಕ್ಕೆ 50. ಒಂದೇ ಸಲ ನಾಲ್ಕೂ ಬರೆದು ಪ್ರತಿಯೊಂದರಲ್ಲೂ ಕನಿಷ್ಠ 45, ಸರಾಸರಿ 50 ಬಂದ್ರೂ ಪಾಸೇ. ಅದರಲ್ಲಿ ಅಕೌಂಟ್ಸ್ ಪೇಪರಿಗೆ ಎಲ್ಲರೂ ಹೆದರ್ತಾರೆ, ನೀವು ಬಿಕಾಂ, ನೀವ್ಯಾಕೆ ಹೆದರ್ಬೇಕು! ಪಾಸಾದ್ರೆ ಇನ್‌ಕ್ರಿಮೆಂಟೂ ಸಿಗತ್ತೆ, ಅಷ್ಟು ವರ್ಷದಿಂದ ಆ ದುಡ್ಡು ಬಿಟ್ಟಿದೀರಲ್ಲ ಅಂತ ನನಗೆ ಹೊಟ್ಟೆ ಉರೀತು.

ಇನ್ನು ಟ್ರಾನ್ಸ್‌ಫರ್. ಭಯ ಸುಳ್ಳಲ್ಲ, ಸುಮ್ನೆ ಸಮಾಧಾನ ಹೇಳಿ ಮೂಗಿಗೆ ತುಪ್ಪ ಸವರೋದು ನನಗಾಗಲ್ಲ. ಕ್ಲರ್ಕ್ ಇರೋ ತನಕ ಹೆಚ್ಚುಕಮ್ಮಿ ರಾಜ್ಯದೊಳಗೇ ಓಡಾಟ, ಸ್ಕೇಲ್ ಒನ್, ಅಂದ್ರೆ ಮೊದಲ ಮೆಟ್ಟಿಲಿನ ಆಫೀಸರ್ ಆದ್ರೆ ದೇಶದ ಯಾವ ಮೂಲೆಗಾದ್ರೂ ಹಾಕಬಹುದು, ಆಫೀಸರಿಗೆ ಮನೆಗೆ ಹೋಗೋ ಟೈಮ್ ಅಂತಲೂ ಇಲ್ಲ. ನಮ್ಮ ಕಡೆ ಇದು ಇನ್ನೂ ಜೋರಾಗಿ ತಟ್ಟಿದೆ, 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ ಸೇರ್ತು, ಮುಂದಿನ ವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಗೆ. ಮಂಗಳೂರು, ಉಡುಪಿಲಿ ಹುಟ್ಟಿದ ಬ್ಯಾಂಕು ಅಂತ ಸೇರಿದ ಎಷ್ಟೋ ಜನಕ್ಕೆ ಒಂದೇ ರಾತ್ರಿಲಿ ನಕಾಶೆನೇ ಬದಲಾಗೋಯ್ತು. ಆದ್ರೆ ನಿಮಗೆ ಗೊತ್ತಿಲ್ಲದ ಒಂದು ವಿಷಯ ಇದೆ ಅನ್ಸತ್ತೆ. 2014ರಲ್ಲೇ ಕೇಂದ್ರ ಹಣಕಾಸು ಇಲಾಖೆ ಸರ್ಕಾರಿ ಬ್ಯಾಂಕುಗಳಿಗೆ ಒಂದು ಸೂಚನೆ ಕಳಿಸಿದೆ, ಮದುವೆಯಾದ ಹೆಣ್ಣುಮಕ್ಕಳು ಕೇಳಿಕೊಂಡ್ರೆ ಗಂಡ ಇರೋ ಊರಿಗೆ ಇಲ್ಲಾ ಅದರ ಹತ್ತಿರಕ್ಕೆ ಸಾಧ್ಯವಾದಷ್ಟೂ ಪೋಸ್ಟಿಂಗ್ ಕೊಡಿ ಅಂತ. ಸಾಧ್ಯವಾದಷ್ಟೂ ಅನ್ನೋ ಪದದಲ್ಲೇ ಎಲ್ಲಾ ಇದೆ, ಹಕ್ಕು ಅಂತ ಹಠ ಹಿಡಿಯೋಕಾಗಲ್ಲ, ಆದ್ರೆ ಕಾಗದ ಕೊಡೋಕೆ ಏನು ಖರ್ಚು? ಈಗ ಮಗ ಏಳನೇ ಕ್ಲಾಸು, ಅತ್ತೆ ಓಡಾಡ್ತಿದಾರೆ. ಹತ್ತನೇ ಕ್ಲಾಸಿಗೆ ಬಂದಾಗ ಹೋಗೋದಕ್ಕಿಂತ ಈಗ ಹೋಗಿ ಬರೋದೇ ವಾಸಿ ಅಂತ ನನ್ನ ಲೆಕ್ಕ. ಯಜಮಾನ್ರ ಹತ್ರ ಕೂತು ಮಾತಾಡಿ, ಇದನ್ನ ನನ್ನ ಮಾತು ಕೇಳಿ ತೀರ್ಮಾನ ಮಾಡ್ಬೇಡಿ.

ಪ್ರೈವೇಟ್ ಬ್ಯಾಂಕ್ ಬಗ್ಗೆ ಒಂದೇ ಮಾತು. ಆ ಹುಡುಗನ ಮುಖ ನೋಡೋಕಾಗಲ್ಲ ಅನ್ನೋದಷ್ಟೇ ಕಾರಣ ಆದ್ರೆ ಬೇಡ.

ನೀವು ಮಧ್ಯದಲ್ಲಿ ಎಲ್ಲೋ ಸಲೀಸಾಗಿ ಬರೆದುಬಿಟ್ಟಿರೋ ಒಂದು ಸಾಲು ಓದಿ ನನಗೆ ಎದೆ ಧಸಕ್ ಅಂತು. "ರಶ್ ಇದ್ದಾಗ ಅವನ ಪಾಸ್‌ವರ್ಡ್ ನನಗೇ ಹೇಳ್ತಾನೆ, ನಾನೇ ಪಾಸ್ ಮಾಡ್ಕೋತೀನಿ." ಇದನ್ನ ಇವತ್ತೇ ನಿಲ್ಲಿಸಿ. ಎಂಟ್ರಿ ಹಾಕೋರು ಒಬ್ರು, ಪಾಸ್ ಮಾಡೋರು ಇನ್ನೊಬ್ರು ಅಂತ ಇಟ್ಟಿರೋದೇ ಒಬ್ಬರ ಕೈಲಿ ಎರಡೂ ಇರಬಾರದು ಅಂತ. ನನ್ನ ಹಳೇ ಸಹೋದ್ಯೋಗಿ ಒಬ್ಬ ಹೀಗೇ ದಾಕ್ಷಿಣ್ಯಕ್ಕೆ ಬಿದ್ದ, ಟೀ ಕುಡಿದು ಬರೋಷ್ಟು ಹೊತ್ತಿನ ಉಪಕಾರ. ಮುಂದೆ ಯಾರದೋ ಎಫ್‌ಡಿ ದುಡ್ಡು ಕಾಣೆಯಾಗಿ ನಾಲ್ಕು ವರ್ಷ ವಿಚಾರಣೆ ನಡೀತು. ದುಡ್ಡು ಅವನು ಮುಟ್ಟಿಲ್ಲ ಅಂತ ಕೊನೆಗೆ ಸಾಬೀತಾಯ್ತು, ಅಷ್ಟರಲ್ಲಿ ಅವನ ಬ್ಯಾಚಿನವರೆಲ್ಲ ಎರಡು ಮೆಟ್ಟಿಲು ಮೇಲೆ. ಚಾರ್ಜ್‌ಶೀಟ್ ಕೈಗೆ ಬಂದ್ಮೇಲೆ ಪ್ರಮೋಷನ್ ರಿಸಲ್ಟನ್ನ ಲಕೋಟೆಲಿ ಹಾಕಿ ಸೀಲ್ ಮಾಡಿ ಇಡಬಹುದು, ಬರೀ ಗಾಳಿಮಾತಿಗೆ ಹಾಗೆ ಇಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಜಾನಕಿರಾಮನ್ ಕೇಸಲ್ಲಿ ಹೇಳಿದೆ. ಅವನಿಗೆ ಚಾರ್ಜ್‌ಶೀಟೇ ಬಂದಿತ್ತು. ಪಾಸ್‌ವರ್ಡ್ ಕೊಟ್ಟೋನು ಬುದ್ಧಿವಂತ, ನಾನು ಕೊಟ್ಟೇ ಇಲ್ಲ ಅಂದ.

ಈ ವರ್ಷ ಅರ್ಜಿ ಹಾಕಿ ಮೇಡಂ. ಸರ್ಕ್ಯುಲರಲ್ಲಿ ಕೊನೇ ದಿನಾಂಕ ನೋಡ್ಕೊಳ್ಳಿ, ಹಿಂದೆ ಬೇಡ ಅಂದೋರಿಗೆ ಇಷ್ಟು ವರ್ಷ ಕೂರಬಾರದು ಅನ್ನೋ ನಿಯಮ ಬ್ಯಾಂಕಿಂದ ಬ್ಯಾಂಕಿಗೆ ಬೇರೆ, ಅದನ್ನೂ ಓದ್ಕೊಳ್ಳಿ, ಯೂನಿಯನ್ನಿನವರನ್ನ ಕೇಳಿದ್ರೆ ಹೇಳ್ತಾರೆ. ಇಂಟರ್‌ವ್ಯೂಲಿ ಏನೇನು ಕೇಳ್ತಾರೆ ಅಂತ ನನಗೆ ಬರೆದು ಕೇಳಿದೀರ, ನಾನು ಕುರ್ಚಿ ಬಿಟ್ಟು ಎಷ್ಟೋ ಕಾಲ ಆಯ್ತು. ಪಕ್ಕದ ಕ್ಯಾಬಿನ್‌ನಲ್ಲೇ ಮೊನ್ನೆ ಮೊನ್ನೆ ಬರೆದು ಪಾಸಾಗಿ ಬಂದೋನು ಕೂತಿದಾನಲ್ಲ, ಅಕ್ಕಾ ಅಂತಾನೆ ಬೇರೆ. ಅವನನ್ನೇ ಕೇಳಿ.