ಮೊದಲು ಮಂಗಳವಾರದ ಮಾತು

ಪ್ರಶ್ನೆ: ನನಗೆ 39 ವರ್ಷ, ಉಡುಪಿ ಜಿಲ್ಲೆಯವಳು. ನಮ್ಮದು ಮುತ್ತಜ್ಜನ ಕಾಲದಿಂದ ಪ್ರೊಟೆಸ್ಟೆಂಟ್ ಕುಟುಂಬ. ಪತಿಯ ಎರಡೂ ಕಿಡ್ನಿಗಳು ಕೆಟ್ಟು ಮೂರು ವರ್ಷವಾಯಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ನಾವು ಹೋಗುವ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, "ನಿಮ್ಮ ನಂಬಿಕೆ ಸಾಲದು. ಗುಪ್ತ ಪಾಪವಿದ್ದರೆ ಅರಿಕೆ ಮಾಡಿ. ಒಂದು ವಾರ ಯಂತ್ರ ಬಿಟ್ಟು ಉಪವಾಸ ಪ್ರಾರ್ಥನೆ ಮಾಡಿ, ಸ್ವಸ್ಥರಾಗಿ ಬಂದು ಸಾಕ್ಷಿ ಹೇಳಿ" ಎನ್ನುತ್ತಿದ್ದಾರೆ. ಪತಿ ಅರ್ಧ ಒಪ್ಪಿದ್ದಾರೆ. ನನಗೋ ಪ್ರಾರ್ಥಿಸಲು ಬಾಯೇ ಬರುವುದಿಲ್ಲ. ಆರಾಧನೆಯಲ್ಲಿ ಎಲ್ಲರೂ ಹಾಡುವಾಗ ತುಟಿ ಮಾತ್ರ ಆಡಿಸುತ್ತೇನೆ. ಎಂಟನೇ ತರಗತಿಯ ಮಗಳು, "ಯೇಸುವಿಗೆ ನಾವು ಕೇಳಿದ್ದು ಯಾಕೆ ಕೇಳಿಸುವುದಿಲ್ಲ ಅಮ್ಮಾ?" ಎಂದಳು. ಕೆಲವು ರಾತ್ರಿ, ಸಾಕು, ಇನ್ನು ಬೆಳಗಾಗುವುದೇ ಬೇಡ ಅನ್ನಿಸುತ್ತದೆ. ನಾನು ನಂಬಿಕೆ ಕಳೆದುಕೊಂಡೆನೇ? ಹೀಗೆ ನಟಿಸುತ್ತಾ ಸಭೆಗೆ ಹೋಗಲೇ, ಬಿಟ್ಟುಬಿಡಲೇ?

ಉತ್ತರ: ಸಹೋದರಿ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಮಂಗಳವಾರದ ಮಾತು. ಡಯಾಲಿಸಿಸ್ ಒಂದು ದಿನವೂ ತಪ್ಪಬಾರದು. ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡುತ್ತದೆ, ಮೈಯಲ್ಲಿ ನಿಂತ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ವಾರ ಬಿಡುವುದೆಂದರೆ ಜೀವಕ್ಕೇ ಸಂಚಕಾರ. ಪತಿಯನ್ನು ಅವರ ವೈದ್ಯರ ಎದುರು ಕೂರಿಸಿ ಇದನ್ನು ಅವರ ಬಾಯಿಂದಲೇ ಹೇಳಿಸಿ. ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಇರಲಿ. ಪರೀಕ್ಷೆ ಇಡುವವರು ಅವರು, ಪಣಕ್ಕಿಟ್ಟಿರುವುದು ಮಾತ್ರ ನಿಮ್ಮ ಪತಿಯ ಪ್ರಾಣ.

ಪತಿಗೆ ಬೈಬಲಿನ ಮಾತೇ ಬೇಕೆಂದಾದರೆ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದುಕೊಡಿ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಹೇಳಿದವನು ಯಾರು? ಸೈತಾನ. ಅದಕ್ಕೆ ಅವನು ಬೈಬಲಿನದೇ ಒಂದು ಕೀರ್ತನೆಯ ವಚನವನ್ನೂ ಉದ್ಧರಿಸಿದ್ದ. ಯೇಸು ಧುಮುಕಲಿಲ್ಲ.

ಇನ್ನು ಕಾಯಿಲೆಗೂ ನಂಬಿಕೆಯ ಕೊರತೆಗೂ ಗಂಟು ಹಾಕುವ ಮಾತು. ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳ ಕೊನೆಯಲ್ಲಿ ಬರುವ ಚಿಲ್ಲರೆ ಸುದ್ದಿಗಳನ್ನು ನಾವು ಓದದೇ ದಾಟಿಬಿಡುತ್ತೇವೆ, ಅಲ್ಲಿ ಸಿಗುವವನು ತ್ರೊಫಿಮ. ಎಷ್ಟೋ ರೋಗಿಗಳನ್ನು ಗುಣಪಡಿಸಿದ ಪೌಲ ತನ್ನ ಈ ಸಂಗಾತಿಯನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆನೆಂದು ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ. ಒಂದೇ ಸಾಲು. ಅವನ ಪಾಪ ಯಾವುದೆಂಬ ವಿಚಾರಣೆಯೂ ಇಲ್ಲ, ನಂಬಿಕೆ ಎಷ್ಟಿತ್ತೆಂಬ ಲೆಕ್ಕವೂ ಇಲ್ಲ. ಅದೇ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ತನ್ನ ಜೊತೆಗಿದ್ದ ಲೂಕನನ್ನು ಅವನು ಕರೆಯುವುದು ಪ್ರಿಯ ವೈದ್ಯನೆಂದು. ನಿಮ್ಮ ಉಡುಪಿಯ ಮಿಷನ್ ಆಸ್ಪತ್ರೆಯನ್ನೇ ನೋಡಿ. 1923ರಲ್ಲಿ ಅದನ್ನು ಶುರು ಮಾಡಿದ ಡಾಕ್ಟರ್ ಈವಾ ಲೊಂಬಾರ್ಡ್ ಬಾಸೆಲ್ ಮಿಷನ್ನಿನವರು, ಅಂದರೆ ನಿಮ್ಮ ಮುತ್ತಜ್ಜನ ಕೈಗೆ ಬೈಬಲ್ ಕೊಟ್ಟ ಕೂಟದವರೇ. ಪ್ರಾರ್ಥಿಸಿದರೆ ಸಾಕು ಎಂದಿದ್ದರೆ ಆಕೆ ಸ್ವಿಟ್ಜರ್ಲೆಂಡಿನಿಂದ ಸ್ಟೆತೊಸ್ಕೋಪು ಹೊತ್ತು ಅಷ್ಟು ದೂರ ಬರಬೇಕಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನಂಬಿಕೆ ಕಳೆದುಕೊಂಡವರು ದೇವರ ಮೇಲೆ ಇಷ್ಟೊಂದು ಮುನಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಇಲ್ಲದವರೊಡನೆ ಯಾರೂ ಜಗಳವಾಡುವುದಿಲ್ಲವಲ್ಲ. ಎಂಬತ್ತೆಂಟನೆಯ ಕೀರ್ತನೆ ಓದಿ ನೋಡಿ. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಯ ಕಡೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಹಗಲಿರುಳು ಕೂಗುತ್ತಿದ್ದೇನೆ, ಮುಖವನ್ನೇಕೆ ಮರೆಮಾಡಿಕೊಂಡೆ ಎಂದು ಕೇಳಿ, ಆಪ್ತರೆಲ್ಲ ದೂರವಾದರು ಎಂದು ಹೇಳಿ, ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ಅದಕ್ಕೊಂದು ಸಮಾಧಾನದ ಬಾಲ ಅಂಟಿಸಲು ಯಾರಿಗಾದರೂ ಕೈ ತುರಿಸಿರಬೇಕು. ಆದರೂ ಹಿಂದಿನವರು ಅದನ್ನು ಹಾಗೆಯೇ ಬಿಟ್ಟು, ದೇವಾಲಯದಲ್ಲಿ ಹಾಡುವ ಪದಗಳ ಸಾಲಿಗೇ ಸೇರಿಸಿಕೊಂಡರು. ನಿಮ್ಮ ಬಾಯಲ್ಲಿ ಮಾತು ಹೊರಡದ ರಾತ್ರಿ ಅವರ ಮಾತನ್ನು ಎರವಲು ಪಡೆಯಿರಿ. ಅದೂ ಆಗದಿದ್ದರೆ ಸುಮ್ಮನೆ ಮಲಗಿ.

ಮಗಳಿಗೆ ಉತ್ತರ ತಯಾರಿಸಲು ಹೋಗಬೇಡಿ. "ನನಗೂ ಗೊತ್ತಿಲ್ಲ ಮಗಳೇ, ನಾನೂ ಅದನ್ನೇ ಕೇಳುತ್ತಿದ್ದೇನೆ" ಎನ್ನಿ. ಹದಿಮೂರನೆಯ ಕೀರ್ತನೆಯನ್ನು ಜೊತೆಯಲ್ಲಿ ಓದಿ, ಮೊದಲ ಎರಡು ವಚನಗಳಲ್ಲೇ ದಾವೀದ ನಾಲ್ಕು ಸಲ "ಇನ್ನೆಷ್ಟು ಕಾಲ" ಎಂದು ಕೇಳುತ್ತಾನೆ. ಅಪ್ಪನ ಕಾಯಿಲೆ ತನ್ನ ಪ್ರಾರ್ಥನೆ ಸಾಲದ್ದಕ್ಕೆ ಎಂದು ಅವಳು ಒಳಗೊಳಗೇ ಅಂದುಕೊಂಡಿರಬಹುದು. ಹಾಗಲ್ಲವೆಂದು ಬಾಯಿಬಿಟ್ಟು ಹೇಳಿ.

"ಬೆಳಗಾಗುವುದೇ ಬೇಡ" ಎಂಬ ನಿಮ್ಮ ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಪ್ರವಾದಿ ಎಲೀಯನೂ ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದ. ಆಗ ಬಂದ ದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ, ಎಚ್ಚರವಾದ ಮೇಲೆ ಮತ್ತೆ ಊಟ, ಅಷ್ಟೇ. ನಿಮ್ಮ ಊಟ, ನಿದ್ದೆಗಳು ಹೇಗಿವೆ? ಮೂರು ವರ್ಷ ರೋಗಿಯ ಪಕ್ಕದಲ್ಲಿದ್ದವರಿಗೆ ಖಿನ್ನತೆ ಬರುವುದು ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅಂತಹ ಯೋಚನೆ ಮತ್ತೆ ಬಂದರೆ ಅದೇ ರಾತ್ರಿ ಆ ಸಂಖ್ಯೆಗೆ ಕರೆ ಮಾಡಿ, ಬೆಳಗಿನವರೆಗೆ ಕಾಯಬೇಡಿ. ನಿಮಗೆ ಆಪ್ತರಾದ ಒಬ್ಬರಿಗಾದರೂ ಈ ಮಾತು ತಿಳಿದಿರಲಿ.

ಸಭೆಯನ್ನು ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಆ ಕೂಟವನ್ನು ಕೆಲವು ತಿಂಗಳು ಬಿಡಿ, ಧಾರಾಳವಾಗಿ. ಸಾಕ್ಷಿ ಹೇಳಲು ಕರೆದರೆ ಆಗುವುದಿಲ್ಲ ಎಂದರಾಯಿತು, ಕಾರಣ ಕೊಡಬೇಕಾಗಿಲ್ಲ. ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ತುಟಿ ಮಾತ್ರ ಆಡಿದರೆ ಅದು ನಟನೆ ಎಂದುಕೊಳ್ಳಬೇಡಿ, ಅಷ್ಟು ಜನರ ದನಿ ನಿಮ್ಮದನ್ನೂ ಹೊತ್ತುಕೊಂಡು ಹೋಗುತ್ತಿರುತ್ತದೆ. ಕಪೆರ್ನೌಮಿನಲ್ಲಿ ಮನೆಯ ಮಾಳಿಗೆ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದ ಕಥೆ ನಿಮಗೆ ಗೊತ್ತು. ಯೇಸು ನೋಡಿದ್ದು "ಅವರ" ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಹಾಸಿಗೆಯಲ್ಲಿದ್ದವನು ಅಲ್ಲಿ ಒಂದು ಮಾತೂ ಆಡುವುದಿಲ್ಲ. ಹೊತ್ತು ತಂದವರು ನಾಲ್ವರು.

ಹಾಗಾಗಿ ನಿಮ್ಮ ಸಭಾಪಾಲಕರನ್ನು ಕಂಡು, ಕೂಟದಲ್ಲಿ ಯಂತ್ರ ಬಿಡಿ ಎಂದದ್ದನ್ನು ಮುಚ್ಚಿಡದೆ ತಿಳಿಸಿ. ಇದು ನಿಮ್ಮ ಮನೆಯೊಂದರ ವಿಷಯವಲ್ಲ, ನಾಳೆ ಇನ್ನೊಬ್ಬ ರೋಗಿಗೂ ಅದನ್ನೇ ಹೇಳಿಯಾರು. ಆಮೇಲೆ ನಾಲ್ಕು ಜನರನ್ನು ಕೇಳಿ. ನಮ್ಮಲ್ಲಿ "ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ" ಎನ್ನುವವರಿಗೆ ಬರವಿಲ್ಲ, ಏನು ಮಾಡಬೇಕೆಂದು ಮಾತ್ರ ಅವರಿಗೆ ತಿಳಿದಿರುವುದಿಲ್ಲ. ನೋಡಲು ಬರುವವರು ಎಳನೀರು, ಬಾಳೆಹಣ್ಣು ಹಿಡಿದು ಬರುತ್ತಾರೆ, ಡಯಾಲಿಸಿಸ್ ರೋಗಿಗೆ ಪೊಟ್ಯಾಸಿಯಂ ತುಂಬಿದ ಅವೆರಡೂ ಆಗದು. ನನ್ನ ತಂದೆ ಹಾಸಿಗೆ ಹಿಡಿದಿದ್ದಾಗ ಬಂದು ಪ್ರಾರ್ಥಿಸಿ ಹೋದವರು ಎಷ್ಟೋ ಜನ, ಆ ಮುಖಗಳೆಲ್ಲ ಮಸುಕಾಗಿವೆ. ನೆನಪಿರುವುದು ನೆರೆಮನೆಯ ಒಬ್ಬಾಕೆ. ಏನೂ ಹೇಳದೆ ಬಚ್ಚಲಿನಲ್ಲಿ ನೆನೆಹಾಕಿದ್ದ ಬಟ್ಟೆಯನ್ನೆಲ್ಲ ಒಗೆದು ಹೋಗುತ್ತಿದ್ದರು.

ಒಬ್ಬರು ಮಂಗಳವಾರ ಆಸ್ಪತ್ರೆಯಲ್ಲಿ ಆ ನಾಲ್ಕು ಗಂಟೆ ಪತಿಯ ಜೊತೆ ಕೂರಲಿ. ಇನ್ನೊಬ್ಬರು ಶುಕ್ರವಾರ ಮಗಳನ್ನು ಶಾಲೆಯಿಂದ ಕರೆತರಲಿ. ಮತ್ತೊಬ್ಬರು ದಾನಿಯ ಕಿಡ್ನಿಗಾಗಿ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸುವ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಲಿ. ನಾಲ್ಕನೆಯವರು ನಿಮ್ಮ ಬದಲು ಪ್ರಾರ್ಥಿಸಲಿ, ನೀವು ಮಲಗಿಕೊಳ್ಳಿ.

ಮುಂದಿನ ಮಂಗಳವಾರ ಆಸ್ಪತ್ರೆಗೆ ಯಾರು ಬಂದರೆಂದು ಬರೆಯಿರಿ.